ಫಕರಾವದಲ್ಲಿ ಲಂಗರಿನ ಸರಪಳಿ ಹವಳಕ್ಕೆ ಸುತ್ತಿಕೊಂಡಿದೆ, ಬಿಡಿಸುವುದು ಹೇಗೆ?

ಉಪ್ಪುನೀರು: ದಕ್ಷಿಣ ಪೆಸಿಫಿಕ್‌ನ ಟುವಾಮೋಟು ದ್ವೀಪಗಳ ಫಕರಾವದಲ್ಲಿದ್ದೇವೆ, ಲಗೂನ್ (ಹವಳದ ಉಂಗುರದ ಒಳಗಿನ ಕಡಲು) ಒಳಗೆ, ರೊಟೊಆವಾ ಊರಿನ ಎದುರು. 34 ಅಡಿಯ ಹಾಯಿದೋಣಿ, ನಾನು ಮತ್ತು ಹೆಂಡತಿ ಇಬ್ಬರೇ. ಆಳ 14 ಮೀಟರ್. 8 ಮಿ.ಮೀ. ಸರಪಳಿ 50 ಮೀಟರ್ ಬಿಟ್ಟಿದ್ದೇನೆ. ಪೂರ್ವದ ಗಾಳಿ ಇರುವವರೆಗೆ ಆರಾಮಾಗಿತ್ತು. ಮೊನ್ನೆ ಗಾಳಿ ಉತ್ತರಕ್ಕೆ ತಿರುಗಿತು, ನಿನ್ನೆ ಪಶ್ಚಿಮಕ್ಕೆ. ರಾತ್ರಿಯಿಂದ ಕೆಳಗೆ ಕರಕರ ಸದ್ದು. ಅಲೆ ಬಂದಾಗಲೆಲ್ಲ ದೋಣಿಯ ಮೂತಿ ದಡಕ್ಕನೆ ಜಗ್ಗುತ್ತದೆ. ಸರಪಳಿ ನೆಟ್ಟಗೆ ಕೆಳಗಿಳಿದಿದೆ. ಸರಪಳಿ ಎತ್ತುವ ಯಂತ್ರ, ವಿಂಡ್ಲಾಸ್, ಒತ್ತಿದರೆ ಗುರ್ ಅಂದು ನಿಂತುಬಿಡುತ್ತದೆ.

ಗಾಳಿಮರುಳ: ಸರಪಳಿ ಬಿಗಿಯಾಗಿ ಕಟ್ಟಿ, ಎಂಜಿನ್ ಹಾಕಿ ಮುಂದಕ್ಕೆ ಎಳೆದುಬಿಡಿ. ಹವಳ ಮುರಿದು ಬಿಟ್ಟುಕೊಳ್ಳುತ್ತದೆ.

ಕಡಲಕಾಗೆ: ಅದೊಂದು ಮಾತ್ರ ಬೇಡ. ಆ ಜಾಗ ಯುನೆಸ್ಕೊ ಜೀವಗೋಳ ಮೀಸಲು ಪ್ರದೇಶ. ಅದಿರಲಿ, ಮೊದಲು ಮುರಿಯುವುದು ಹವಳ ಅಲ್ಲ, ಸರಪಳಿ ಹಾಯುವ ನಿಮ್ಮ ಮೂತಿಯ ರೋಲರ್.

ಬಾವಿಯಲ್ಲಿ ಪಾತಾಳಗರಡಿ ಸಿಕ್ಕಿಕೊಂಡರೆ ಏನು ಮಾಡುತ್ತೇವೆ? ಹಗ್ಗ ಸಡಿಲ ಬಿಟ್ಟು, ಬಂದ ದಾರಿಯಲ್ಲೇ ತಿರುಗಿಸುತ್ತೇವೆ, ಅಲ್ವಾ? ಇಲ್ಲೂ ಅದೇ.

ದಕ್ಷಿಣ ಗೋಳಾರ್ಧದಲ್ಲಿ ಮಳೆಗಾಳಿಯ ಪಟ್ಟಿ ದಾಟುವಾಗ ಗಾಳಿ ಪೂರ್ವ, ಉತ್ತರ, ಪಶ್ಚಿಮ, ದಕ್ಷಿಣ ಅಂತ ಎಡಸುತ್ತು ತಿರುಗುತ್ತದೆ. ದೋಣಿಯೂ ಲಂಗರಿನ ಸುತ್ತ ಎಡಕ್ಕೇ ಸುತ್ತಿರುತ್ತದೆ. ಆದ್ದರಿಂದ ಬಿಡಿಸುವಾಗ ಬಲಸುತ್ತು, ಗಡಿಯಾರದ ಮುಳ್ಳಿನ ಹಾಗೆ.

ಈಗಲೇ 10 ಮೀಟರ್ ನೈಲಾನ್ ಹಗ್ಗವನ್ನು ಸರಪಳಿಗೆ ಕೊಕ್ಕೆ ಹಾಕಿ ಕಟ್ಟಿ, ಜಗ್ಗುವುದು ಅದರ ಮೇಲೆ ಬೀಳಲಿ. ಸೂರ್ಯ ನೆತ್ತಿಗೆ ಬರುವವರೆಗೆ ಕಾಯಿರಿ. ಓರೆ ಬಿಸಿಲಲ್ಲಿ ತಳ ಕಾಣುವುದಿಲ್ಲ. ಪಶ್ಚಿಮದ ಗಾಳಿ ಜೋರಾದರೆ ಮಾತ್ರ ಕಾಯಬೇಡಿ, ನಿಮ್ಮ ಬೆನ್ನಿಗೇ ದಡ ಇದೆ. ಸರಪಳಿಯ ಕೊನೆಯನ್ನು ದೋಣಿಗೆ ಯಾವುದರಿಂದ ಕಟ್ಟಿದ್ದೀರಿ? ಹಗ್ಗವಾದರೆ ಸರಿ, ಚಾಕುವಿನಲ್ಲಿ ಕತ್ತರಿಸಬಹುದು. ಸರಪಳಿಯ ಕೊನೆಗೆ ಗುರುತಿಗೊಂದು ಬೋಯ್ (ನೀರ ಮೇಲೆ ತೇಲುವ ಗುಂಡು) ಕಟ್ಟಿ ಬಿಟ್ಟು ಓಡಿ, ಆಮೇಲೆ ಬಂದು ಎತ್ತಿಕೊಳ್ಳಿ.

ಉಪ್ಪುನೀರು: ಬಿಟ್ಟುಕೊಂಡಿತು! ಮಧ್ಯಾಹ್ನ ಗಾಳಿ ಇಳಿಯಿತು. ಮಾಸ್ಕ್ ಹಾಕಿ ನೀರಿಗೆ ಮುಖ ಇಟ್ಟೆ. ಕಾರಿನಷ್ಟು ದೊಡ್ಡ ಹವಳದ ಗುಡ್ಡೆ, ಅದಕ್ಕೆ ಒಂದೂವರೆ ಸುತ್ತು. ಮುಳುಗುವ ಧೈರ್ಯ ಮಾಡಲಿಲ್ಲ, ಮೇಲಿಂದಲೇ ನೋಡಿಕೊಂಡು ದೋಣಿ ಹತ್ತಿದೆ. ಹೆಂಡತಿ ಚುಕ್ಕಾಣಿ ಹಿಡಿದಳು, ನಾನು ಮೂತಿಯಲ್ಲಿ ನಿಂತು ಕೈ ತೋರಿಸಿದೆ. ಸರಪಳಿ ಸಡಿಲ ಮಾಡಿ, ಎಂಜಿನ್ ಸುಮ್ನೆ ಗೊಣಗುವಷ್ಟು ಇಟ್ಟು, ಬಲಕ್ಕೆ ಸುತ್ತಿದೆವು. ಎರಡನೇ ಸುತ್ತಿನ ಅರ್ಧದಲ್ಲಿ ಸರಪಳಿ ತಾನಾಗಿ ಓರೆಯಾಯಿತು. ಮೇಲೆ ಬಂದಾಗ ನಾಲ್ಕು ಮೀಟರಿನಷ್ಟು ಉದ್ದಕ್ಕೆ ಸತು ಸವೆದು ಪಾತ್ರೆ ಉಜ್ಜಿದ ಹಾಗೆ ಹೊಳೆಯುತ್ತಿತ್ತು. ಮತ್ತೆ ಹೀಗಾಗದಂತೆ ಏನು ಮಾಡಲಿ?

ಕಡಲಕಾಗೆ: ಸರಪಳಿಯನ್ನು ತೇಲಿಸಿ. ಲಂಗರು ಹಾಕಿ ಮೊದಲ 25 ಮೀಟರ್ ಬಿಡಿ, ಕಚ್ಚಿದ್ದು ಖಾತ್ರಿ ಮಾಡಿಕೊಳ್ಳಿ. ಅಲ್ಲೊಂದು ಬುರುಡೆ (ತೇಲುವ ಪೊಳ್ಳು ಗುಂಡು) ಕಟ್ಟಿ, 8 ಮೀಟರಿಗೆ ಇನ್ನೊಂದು. ಉಳಿದದ್ದು ಹಾಗೇ ಇರಲಿ. 8 ಮಿ.ಮೀ. ಸರಪಳಿ ಮೀಟರಿಗೆ ಸುಮಾರು 1.4 ಕೆಜಿ ತೂಗುತ್ತದೆ, ಸಣ್ಣ ಚೆಂಡು ಸಾಲದು. ಆ ಕಡೆ ಮುತ್ತಿನ ಕೃಷಿಯವರ ಬುರುಡೆಗಳು ದಡಕ್ಕೆ ಬಂದು ಬಿದ್ದಿರುತ್ತವೆ. ಗಾಳಿ ಇಲ್ಲದಾಗ ಸರಪಳಿ ತಳ ಮುಟ್ಟದೆ ಹವಳದ ಮೇಲೆ ತೂಗುತ್ತಿರುತ್ತದೆ.

ಉಪ್ಪುನೀರು: ದಡದಲ್ಲಿ ಎರಡು ಕರಿ ಬುರುಡೆ ಸಿಕ್ಕವು, ಮೈತುಂಬ ಚಿಪ್ಪು. ಹೆಂಡತಿ ಕೆರೆಯುತ್ತಿದ್ದಾಳೆ, ದೋಣಿಯೆಲ್ಲ ನಾತ. ಒಂದಕ್ಕೆ ಹಗ್ಗ ಕಟ್ಟುವ ಕಿವಿ ಮುರಿದಿದೆ, ಬಲೆ ಚೀಲದಲ್ಲಿ ಹಾಕಿ ಕಟ್ಟಿದರೆ ಆಗುತ್ತದಾ?

ಕಡಲಕಾಗೆ: ಧಾರಾಳವಾಗಿ. ನನ್ನದು ಈರುಳ್ಳಿ ಚೀಲದಲ್ಲೇ ಇದೆ.