ಉಪ್ಪು ಕಡಿಮೆ ಮಾಡಿ ಉಪ್ಸಾರು ರುಚಿಯಾಗಿ ಮಾಡೋದು ಹೇಗೆ?

ಪ್ರಶ್ನೆ (ಹಾಸನ)

ಅಪ್ಪನಿಗೆ 68 ವರ್ಷ. ಬಿಪಿ ಜಾಸ್ತಿ ಇದೆ, ದಿನಕ್ಕೆ 5 ಗ್ರಾಂ ಉಪ್ಪು ದಾಟಬಾರದು ಅಂತ ಡಾಕ್ಟರ್ ಹೇಳಿದ್ದಾರೆ. ಅಂದರೆ ಬೆಳಗಿನಿಂದ ರಾತ್ರಿವರೆಗೆ ಎಲ್ಲ ಸೇರಿ ಒಂದು ಟೀ ಚಮಚವೂ ಇಲ್ಲ. ಮೂರು ದಿನದಿಂದ ಸಾರಿಗೆ ಅರ್ಧ ಉಪ್ಪು ಹಾಕುತ್ತಿದ್ದೇನೆ. ಅಪ್ಪ ಒಂದು ಮಾತೂ ಆಡುವುದಿಲ್ಲ, ಅರ್ಧ ಮುದ್ದೆ ಬಿಟ್ಟು ಎದ್ದು ಕೈ ತೊಳೆಯುತ್ತಾರೆ. ಅದನ್ನು ನೋಡೋಕೆ ಆಗುತ್ತಿಲ್ಲ. ಉಪ್ಸಾರು ಅಂದರೆ ಅವರಿಗೆ ಪ್ರಾಣ. ಹೆಸರಲ್ಲೇ ಉಪ್ಪಿರುವ ಸಾರನ್ನು ಹೇಗೆ ಮಾಡಲಿ? ಸೈಂಧವ ಉಪ್ಪಾದರೆ ಪರವಾಗಿಲ್ಲ ಅಂತಾರೆ ಪಕ್ಕದ ಮನೆಯವರು. ನಿಜವಾ?

ಉತ್ತರ (ಮೂಡಿಗೆರೆ)

ಸೈಂಧವ ಉಪ್ಪೂ ಹೆಚ್ಚುಕಡಿಮೆ ಪೂರ್ತಿ ಸೋಡಿಯಂ ಕ್ಲೋರೈಡೇ. ಅದನ್ನು ನಂಬಿ ಕೈ ಸಡಿಲ ಮಾಡಬೇಡಿ.

ನಮ್ಮ ಯಜಮಾನರಿಗೂ ಇದೇ ಪಥ್ಯ, ಆರು ವರ್ಷ ಆಯಿತು. ನೀವು ಎಲ್ಲದರಲ್ಲೂ ಅರ್ಧರ್ಧ ಉಪ್ಪು ಹಾಕುತ್ತಿದ್ದೀರಿ, ಅದಕ್ಕೇ ಎಲ್ಲವೂ ಸಪ್ಪೆ. ಕಾಳು, ಸೊಪ್ಪು ಬೇಯಿಸುವಾಗ ಒಂದು ಹರಳೂ ಬೇಡ. ಮುದ್ದೆಗೂ ಬೇಡ. ಅಪ್ಪನ ಪಾಲಿನ ಉಪ್ಪು, ಒಂದು ಊಟಕ್ಕೆ ಕಾಲು ಚಮಚ, ಪೂರ್ತಿ ಖಾರಕ್ಕೇ, ಅಂದರೆ ಉಪ್ಸಾರಿನ ಜೊತೆ ನೆಂಚಿಕೊಳ್ಳೋಕೆ ಕುಟ್ಟುವ ಮಸಾಲೆಗೇ, ಹಾಕಿ. ಮುದ್ದೆ ತುತ್ತಿನ ಜೊತೆ ನಾಲಿಗೆಗೆ ಮೊದಲು ತಾಗೋದು ಅದೇ ಅಲ್ವಾ?

ಖಾರ ಮಾತ್ರ ಸುಮ್ನೆ ಮಿಕ್ಸಿಗೆ ಹಾಕಿ ತಿರುಗಿಸಬೇಡಿ. ನಾಲ್ಕು ಎಸಳು ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಉರಿಯ ಮೇಲೆ ಸುಡಿ. ಸಿಪ್ಪೆ ಕಪ್ಪಾಗಿ ಒಳಗಿನ ಎಸಳು ಬೆಣ್ಣೆ ಥರ ಮೆತ್ತಗಾಗಬೇಕು. ಎರಡು ಒಣಮೆಣಸಿನಕಾಯಿಯನ್ನೂ ಹಾಗೇ ಸುಡಿ. ಹತ್ತು ಹನ್ನೆರಡು ಕಾಳುಮೆಣಸು, ಅರ್ಧ ಚಮಚ ಜೀರಿಗೆ ಬಾಣಲೆಯಲ್ಲಿ ಚಟಪಟ ಅನ್ನುವವರೆಗೆ ಹುರಿಯಿರಿ. ಹುಣಸೆ ಎಂದಿಗಿಂತ ಸ್ವಲ್ಪ ಮುಂದಿರಲಿ, ಹುಳಿ ಇದ್ದರೆ ಉಪ್ಪಿನ ಕೊರತೆ ಅಷ್ಟು ಗೊತ್ತಾಗುವುದಿಲ್ಲ. ಎಲ್ಲವನ್ನೂ ಒರಳಲ್ಲಿ ತರಿತರಿಯಾಗಿ ಕುಟ್ಟಿ. ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಮೆಣಸಿನಪುಡಿ ಬೇಡ, ಅದರಲ್ಲಿ ಖಾರ ಉಳಿದಿರುತ್ತದೆ, ಘಮ ಹೋಗಿರುತ್ತದೆ. ನಮಗೆ ಇಲ್ಲಿ ತೋಟದಲ್ಲೇ ಮೆಣಸಿನ ಬಳ್ಳಿ ಇದೆ, ಆದರೂ ನಾನು ಆಯಾ ಹೊತ್ತಿಗೆ ಬೇಕಾದಷ್ಟೇ ಕುಟ್ಟೋದು.

ಮೊದಲ ಮೂರ್ನಾಲ್ಕು ವಾರ ಕಷ್ಟ. ಆಮೇಲೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಈಗ ನಮ್ಮವರಿಗೆ ಮದುವೆಮನೆ ಸಾರು ಬಾಯಿಗೆ ಇಡೋಕಾಗುವುದಿಲ್ಲ, ಅಷ್ಟು ಉಪ್ಪು ಅನ್ನಿಸುತ್ತದೆ.

ಉತ್ತರ (ಸಕಲೇಶಪುರ)

ಮೇಲಿನವರು ಹೇಳಿದ್ದು ಸರಿ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಬೇಕರಿ ಬ್ರೆಡ್ಡು ಇವನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಡುಗೆ ಸೋಡಾದಲ್ಲೂ ಸೋಡಿಯಂ ಇದೆ. ಹುಣಸೆ ಬೇಜಾರಾದ ದಿನ ಕಾಚಂಪುಳಿ (ಕೊಡಗಿನ ಕಡೆಯ ಕಪ್ಪು ಹುಳಿರಸ) ಹಾಕಿ ನೋಡಿ.

ಉತ್ತರ (ಚಿಕ್ಕಮಗಳೂರು)

ಒಂದು ಎಚ್ಚರಿಕೆ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪನ್ನು ಡಾಕ್ಟರನ್ನು ಕೇಳದೆ ತರಬೇಡಿ. ಅದರಲ್ಲಿ ಸೋಡಿಯಂ ಬದಲು ಒಂದಷ್ಟು ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ನಮ್ಮ ಅಮ್ಮನಿಗೆ ಕಿಡ್ನಿ ತೊಂದರೆ ಇತ್ತು. ಒಳ್ಳೆಯದೇ ಮಾಡುತ್ತಿದ್ದೇನೆ ಅಂದುಕೊಂಡು ಎರಡು ತಿಂಗಳು ಅದನ್ನೇ ಹಾಕಿದೆ. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಏರಿತ್ತು, ಆಸ್ಪತ್ರೆಗೆ ಸೇರಿಸಬೇಕಾಯಿತು. ಕೆಲವು ಬಿಪಿ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಅಪ್ಪ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಅಂತ ತೋರಿಸಿಯೇ ಕೇಳಿ.

ಪ್ರಶ್ನೆ ಕೇಳಿದವರು (ಹಾಸನ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆ ಉಪ್ಪಿನ ಪ್ಯಾಕೆಟ್ ತಂದಿಟ್ಟಿದ್ದೆ, ಇನ್ನೂ ಒಡೆದಿರಲಿಲ್ಲ. ಇವತ್ತು ಹೆಸರುಕಾಳು, ದಂಟಿನ ಸೊಪ್ಪಿನ ಉಪ್ಸಾರು ಮಾಡಿ ಖಾರಕ್ಕೆ ಮಾತ್ರ ಉಪ್ಪು ಹಾಕಿದೆ. ಅಪ್ಪ ಮುದ್ದೆ ಮುಗಿಸಿದರು. ಖಾರ ಇನ್ನೊಂಚೂರು ಕೇಳಿದರು, ಕೊಡಲಿಲ್ಲ, ನಿಂಬೆಹಣ್ಣು ಹಿಂಡಿದೆ. ಕಾಚಂಪುಳಿ ಎಷ್ಟು ಹಾಕಬೇಕು?

ಉತ್ತರ (ಸಕಲೇಶಪುರ)

ನಾಲ್ಕು ಜನರ ಸಾರಿಗೆ ಅರ್ಧ ಚಮಚದಿಂದ ಶುರು ಮಾಡಿ. ತುಂಬಾ ಹುಳಿ ಅದು. ಒಲೆ ಆರಿಸುವ ಮುಂಚೆ ಹಾಕಿ, ರುಚಿ ನೋಡಿ, ಬೇಕಾದರೆ ಇನ್ನೆರಡು ಹನಿ.