ಜಾತ್ರೆ ಫೋಟೋ ಇದ್ದ ಲ್ಯಾಪ್‌ಟಾಪ್

ದೊಡ್ಡಪ್ಪ: ಫಾರ್ವರ್ಡ್ ಬಂದಿದೆ, ಓದಿ. "ಎಚ್ಚರಿಕೆ!! ಈಗಿನ ಎಲ್ಲಾ ಲ್ಯಾಪ್‌ಟಾಪ್‌ಗಳಲ್ಲೂ ಫೋಟೋ, ಫೈಲು ಉಳಿಯುವ ಡ್ರೈವನ್ನು ಮುಖ್ಯ ಬೋರ್ಡಿಗೇ ಬೆಸುಗೆ ಹಾಕುತ್ತಾರೆ. ಬೋರ್ಡ್ ಸುಟ್ಟರೆ ಎಲ್ಲಾ ಹೋಯ್ತು. ಹತ್ತು ಜನರಿಗೆ ಕಳಿಸಿ."

ತಮ್ಮ: ಯಾರು ಬರೆದದ್ದು ದೊಡ್ಡಪ್ಪ? ಮೂಲ ಎಲ್ಲಿ?

ದೊಡ್ಡಪ್ಪ: ಮೂಲ ನಮ್ಮ ಶಿರಸಿ ಮನೆಯಲ್ಲೇ ಇದೆ. ಸಿಡಿಲಿಗೆ ಸುಟ್ಟ ಲ್ಯಾಪ್‌ಟಾಪ್ ಜೊತೆ 2018ರ ಮಾರಿಕಾಂಬಾ ಜಾತ್ರೆ ಫೋಟೋ ಎಲ್ಲಿ ಹೋದವು ಅಂತ ನಿನ್ನ ಭಾವನನ್ನು ಕೇಳು.

ಭಾವ: ಮತ್ತೆ ಶುರುವಾಯ್ತಾ? ಗುಡುಗು ಬಂದರೆ ಪ್ಲಗ್ ಕೀಳಿ ಅಂತ ಹೇಳಿಯೇ ಹೋಗಿದ್ದೆ. ಯಾರು ಕಿತ್ತರು?

ದೊಡ್ಡಪ್ಪ: ನಮ್ಮ ಕಾಲದಲ್ಲಿ ಫೋಟೋ ಅಂದ್ರೆ ಆಲ್ಬಮ್. ಸಿಡಿಲಿಗೂ ಜಗ್ಗುತ್ತಿರಲಿಲ್ಲ.

ಚಿಕ್ಕಮ್ಮ: ಆ ಸಲ ಜಾತ್ರೆ ನಡೆಯುವ ಬಿಡ್ಕಿಬೈಲಿನಲ್ಲಿ ಏನು ಜನ! ಅಜ್ಜಿ ಹೊಸ ಸೀರೆ ಉಟ್ಟು ಗದ್ದುಗೆ ಎದುರು ನಿಂತಿದ್ದರು. ಅದೇ ಅವರ ಕೊನೇ ಜಾತ್ರೆ ಅಲ್ವಾ?

ತಮ್ಮ: ಜಾತ್ರೆ ಇರಲಿ ಚಿಕ್ಕಮ್ಮ. ಬೆಸುಗೆಗೆ ಸಾಕ್ಷಿ ಕೊಡಿ.

ನಾನು: ಅರ್ಧ ಸತ್ಯ. "ಎಲ್ಲಾ" ಅನ್ನುವುದು ತಪ್ಪು. ಆಪಲ್‌ನವರು 2016ರಲ್ಲಿ ಟಚ್ ಬಾರ್ (ಕೀಬೋರ್ಡ್ ಮೇಲಿನ ಸ್ಪರ್ಶಪಟ್ಟಿ) ಇದ್ದ ಮ್ಯಾಕ್‌ಬುಕ್ ಪ್ರೊ ಲ್ಯಾಪ್‌ಟಾಪ್‌ಗೆ ಡ್ರೈವ್ ಬೆಸುಗೆ ಹಾಕಿದರು. ಅದರ 2018ರ ಮಾಡೆಲ್‌ಗಳಲ್ಲಿ ಫೈಲುಗಳಿಗೆ ಹಾಕಿದ ಬೀಗದ ಕೈ ಬೋರ್ಡಿನ ಇನ್ನೊಂದು ಚಿಪ್‌ನೊಳಗೆ. ಡ್ರೈವಿನ ಮೆಮೊರಿ ಚಿಪ್ ಕಿತ್ತು ಬೇರೆ ಕಡೆ ಕೂರಿಸಿದರೂ ಓದಲು ಬರುವುದಿಲ್ಲ. ಇಎಂಎಂಸಿ ಎಂಬ ಸಣ್ಣ ಮೆಮೊರಿ ಚಿಪ್ ಇರುವ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲೂ ಬೆಸುಗೆಯೇ. ಆದರೆ ಬಹಳಷ್ಟು ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಎಂ.2 ಅನ್ನುವ, ಬಿಚ್ಚಿ ತೆಗೆಯಬಹುದಾದ ತೆಳು ಪಟ್ಟಿಯಂಥ ಡ್ರೈವ್ ಇರುತ್ತದೆ. ಸಾಮಾನ್ಯವಾಗಿ 22 ಮಿಲಿಮೀಟರ್ ಅಗಲ, 80 ಉದ್ದ. ಒಂದೇ ಸ್ಕ್ರೂ. ಬಿಚ್ಚಿದ ಕೂಡಲೇ ಒಂದು ತುದಿ ತಾನಾಗಿ ಮೇಲೇಳುತ್ತದೆ, ಓರೆಯಾಗಿ ಎಳೆದರೆ ಬಂತು. ಬಿಟ್‌ಲಾಕರ್ (ವಿಂಡೋಸ್ ಡ್ರೈವಿಗೆ ಹಾಕುವ ಬೀಗ) ಇದ್ದರೆ ಮಾತ್ರ 48 ಅಂಕಿಯ ರಿಕವರಿ ಕೀ ಬರೆದಿಟ್ಟಿರಬೇಕು. ಲ್ಯಾಪ್‌ಟಾಪ್ ಕೊಳ್ಳುವಾಗ ಡ್ರೈವ್ ಬಿಚ್ಚಲು ಬರುತ್ತದಾ ಅಂತ ದಯವಿಟ್ಟು ಕೇಳಿ. ಬಣ್ಣ ಆಮೇಲೆ ನೋಡಿ.

ಭಾವ: ರಿಪೇರಿಯವನು "ಬೋರ್ಡ್ ಸತ್ತಿದೆ, ಏನೂ ಸಿಗಲ್ಲ" ಅಂದಿದ್ದ.

ನಾನು: ಡ್ರೈವ್ ಬಿಚ್ಚಿ ನೋಡಿದ್ನಾ?

ಭಾವ: ಅದು ಕೇಳಲಿಲ್ಲ.

ದೊಡ್ಡಪ್ಪ: ಕೇಳಲಿಲ್ಲ! ತೋಟದ ಪಂಪ್ ಸುಟ್ಟಾಗಲೂ ಹೀಗೇ.

ಭಾವ: ಆ ಪಂಪಿನ ದುಡ್ಡು ನಾನೇ ಕೊಟ್ಟಿದ್ದು. ನೆನಪಿರಲಿ.

ನಾನು: ಪಂಪ್ ಬಿಡಿ, ಪ್ಲೀಸ್. ಭಾವ, ನಿಮ್ಮ ಲ್ಯಾಪ್‌ಟಾಪ್ ದಪ್ಪಗಿತ್ತು. ಪಕ್ಕದಲ್ಲಿ ಸಿಡಿ ಹಾಕುವ ಜಾಗ ಇತ್ತಲ್ಲ?

ಭಾವ: ಇತ್ತು.

ನಾನು: ಹಾಗಾದರೆ ಬೆಸುಗೆ ಇರುವ ಸಾಧ್ಯತೆ ತೀರಾ ಕಡಿಮೆ. ಡ್ರೈವ್‌ಗೆ ಸಿಡಿಲು ತಟ್ಟದಿದ್ದರೆ ಅಜ್ಜಿ ಅದರೊಳಗೇ ಇದ್ದಾರೆ. ಈಗ ಅದು ಎಲ್ಲಿದೆ?

ಚಿಕ್ಕಮ್ಮ: ಅಟ್ಟದ ಮೇಲೆ, ಅಡಿಕೆ ಚೀಲದ ಹಿಂದೆ. ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದೇನೆ. ಎಸೆಯಲು ಮನಸ್ಸಾಗಲಿಲ್ಲ.

ನಾನು: ಯಾರೂ ಚಾರ್ಜರ್ ಹಾಕಬೇಡಿ. ಭಾನುವಾರ ಸ್ಕ್ರೂಡ್ರೈವರ್ ಹಿಡಿದು ಬರುತ್ತೇನೆ.