ತಹಕೂಬ್, ಸಂಸ್ಥಗಿತ, ಬರಖಾಸ್ತ್: ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ: ಮುಂಬಯಿಯ ಮರಾಠಿ ಪತ್ರಿಕೆಗಳ ವಿಧಾನಸಭೆ ವರದಿಗಳಲ್ಲಿ ಈ ಮೂರು ಪದಗಳು ಬರುತ್ತವೆ. ಕನ್ನಡಕ್ಕೆ ತರುವಾಗ ಮೂರಕ್ಕೂ ‘ಮುಂದೂಡಿಕೆ’ ಎಂದರೆ ತಪ್ಪಾದೀತೇ?

ಉತ್ತರ: ಖಂಡಿತ ತಪ್ಪು. ಈ ಅಧಿಕಾರಗಳು ಒಬ್ಬರ ಕೈಯಲ್ಲಿಲ್ಲ, ಪರಿಣಾಮವೂ ಒಂದೇ ಅಲ್ಲ.

‘ತಹಕೂಬ್’ ಎಂದರೆ ಮುಂದೂಡಿಕೆ, ಅದು ಸಭಾಧ್ಯಕ್ಷರದು. ಗದ್ದಲವಾಯಿತೆಂದು ಹದಿನೈದು ನಿಮಿಷ ಮುಂದೂಡಲಿ, ಅನಿರ್ದಿಷ್ಟ ಕಾಲಕ್ಕೆ ಮುಂದೂಡಲಿ, ಅಧಿವೇಶನ ಮುಗಿದಂತಲ್ಲ. ‘ಸಂಸ್ಥಗಿತ’ ಎಂದರೆ ಅಧಿವೇಶನವನ್ನೇ ಮುಗಿಸುವುದು. ಸಂವಿಧಾನದ 174ನೇ ವಿಧಿಯಂತೆ, ಸಂಪುಟದ ಸಲಹೆಯ ಮೇರೆಗೆ ರಾಜ್ಯಪಾಲರು ಅದಕ್ಕೆ ಆದೇಶ ಹೊರಡಿಸುತ್ತಾರೆ. ಮರಾಠಿಯ ಸದ್ದು ಹಿಡಿದು ‘ಸ್ಥಗಿತ’ ಎಂದು ಬರೆದರೆ ಕಲಾಪ ನಡುವೆ ನಿಂತುಹೋಯಿತು ಎಂದೇ ಕನ್ನಡದ ಓದುಗರು ತಿಳಿಯುತ್ತಾರೆ. ‘ಅಧಿವೇಶನ ಮುಕ್ತಾಯ’ ಎನ್ನುವುದೇ ಸರಿ.

ಇವೆರಡನ್ನು ಬೆರೆಸಿದರೆ ಸುದ್ದಿಯೇ ಕೆಡುತ್ತದೆ. ಮಹಾರಾಷ್ಟ್ರದ್ದು ಎರಡು ಸದನಗಳ ಶಾಸಕಾಂಗ: ವಿಧಾನಸಭೆಯಲ್ಲಿ 288, ವಿಧಾನ ಪರಿಷತ್ತಿನಲ್ಲಿ 78 ಸ್ಥಾನ. 213ನೇ ವಿಧಿಯ ಪ್ರಕಾರ ಎರಡೂ ಸದನಗಳು ಅಧಿವೇಶನದಲ್ಲಿರುವಾಗ ರಾಜ್ಯಪಾಲರು ಸುಗ್ರೀವಾಜ್ಞೆ ಹೊರಡಿಸುವಂತಿಲ್ಲ. ಒಂದರ ಅಧಿವೇಶನ ಮುಕ್ತಾಯವಾದರೆ ಸಾಕು, ದಾರಿ ತೆರೆಯುತ್ತದೆ. ಬರೀ ಮುಂದೂಡಿದರೆ ತೆರೆಯದು. ‘ಸದನ ಮುಂದೂಡಿಕೆ’ ಎಂದು ಓದಿದವರಿಗೆ ಮರುವಾರವೇ ಸುಗ್ರೀವಾಜ್ಞೆ ಹೇಗೆ ಬಂತೆಂದು ತಿಳಿಯುವುದೇ ಇಲ್ಲ.

ಪಂಜಾಬಿನಲ್ಲಿ ಇದೇ ವ್ಯತ್ಯಾಸ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅನಿರ್ದಿಷ್ಟ ಕಾಲಕ್ಕೆ ಮುಂದೂಡಿದ್ದ ಬಜೆಟ್ ಅಧಿವೇಶನವನ್ನು ಸಭಾಧ್ಯಕ್ಷರು 2023ರ ಜೂನ್ 19, 20ರಂದು ಮತ್ತೆ ಸೇರಿಸಿದರು. ಆ ಬೈಠಕ್ಕಿನ ಸಿಂಧುತ್ವವನ್ನು ರಾಜ್ಯಪಾಲರು ಪ್ರಶ್ನಿಸಿದರು. ಅಧಿವೇಶನ ಮುಕ್ತಾಯವಾಗಿರಲಿಲ್ಲ, ಆದ್ದರಿಂದ ಸಭಾಧ್ಯಕ್ಷರಿಗೆ ಸದನವನ್ನು ಮತ್ತೆ ಸೇರಿಸುವ ಅಧಿಕಾರವಿತ್ತು ಎಂದು ಅದೇ ನವೆಂಬರಿನಲ್ಲಿ ಕೋರ್ಟು ಹೇಳಿತು.

‘ಬರಖಾಸ್ತ್’ ಇನ್ನೂ ಮೋಸದ ಪದ. ಕನ್ನಡದಲ್ಲಿ ‘ಸಭೆ ಬರಖಾಸ್ತಾಯಿತು’ ಎಂದರೆ ಜನ ಎದ್ದುಹೋದರು ಎಂದಷ್ಟೇ. ಮರಾಠಿಯಲ್ಲಿ ‘ವಿಧಾನಸಭಾ ಬರಖಾಸ್ತ್’ ಎಂದರೆ ವಿಸರ್ಜನೆ, ಮುಂದಿನದು ಚುನಾವಣೆಯೇ. ಮುಕ್ತಾಯವಾದರೆ ಮಸೂದೆ ಉಳಿಯುತ್ತದೆ. ವಿಸರ್ಜನೆಯಾದರೆ ವಿಧಾನಸಭೆಯಲ್ಲಿ ಬಾಕಿ ಇದ್ದದ್ದೂ, ಅಲ್ಲಿ ಅಂಗೀಕಾರವಾಗಿ ಪರಿಷತ್ತಿನಲ್ಲಿ ಬಾಕಿ ಇದ್ದದ್ದೂ (196ನೇ ವಿಧಿ) ಬಿದ್ದುಹೋಗುತ್ತವೆ. ಪರಿಷತ್ತು ಮಾತ್ರ ವಿಸರ್ಜನೆಯಾಗುವ ಸದನವಲ್ಲ.

ಜೊತೆಗೆ ಇನ್ನೊಂದು: ಮರಾಠಿಯ ‘ವಿಧಾನಸಭಾ ಅಧ್ಯಕ್ಷ’ರನ್ನು ಬರೀ ‘ಅಧ್ಯಕ್ಷ’ರೆಂದು ಬಿಡಬೇಡಿ, ‘ಸಭಾಧ್ಯಕ್ಷ’ರೆನ್ನಿ. ಪರಿಷತ್ತಿನ ‘ಸಭಾಪತಿ’ ಎರಡೂ ಭಾಷೆಗಳಲ್ಲಿ ಒಂದೇ.